ಗಡಿ ಮಸೂದೆ ಬಿದ್ದಿದ್ದು ಯಾಕೆ? ಮೊಮ್ಮಗಳ ವೀಸಾಕ್ಕೂ ಅದಕ್ಕೂ ಏನು ಸಂಬಂಧ?

ಪ್ರಶ್ನೆ: ನಾನು ಹಾಸನದವನು, ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಮಗಳು, ಅಳಿಯ ಟೆಕ್ಸಸ್‌ನಲ್ಲಿದ್ದಾರೆ. ಅಳಿಯನದು ಎಚ್-1ಬಿ ಕೆಲಸದ ವೀಸಾ, ಮಗಳು ಮತ್ತು ಮೊಮ್ಮಗಳದು ಅವನ ಅವಲಂಬಿತರಿಗೆ ಕೊಡುವ ಎಚ್-4. ಮೊಮ್ಮಗಳು ನಾಲ್ಕು ವರ್ಷದ ಮಗುವಾಗಿದ್ದಾಗ ಹೋದವಳು, ಈಗ ಹತ್ತೊಂಬತ್ತು ತುಂಬಿದೆ. ಅಳಿಯನ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಅರ್ಜಿಯ ಪ್ರಯಾರಿಟಿ ಡೇಟ್, ಅಂದರೆ ಸರದಿಯಲ್ಲಿ ನಿಂತ ದಿನ, 2016ರದು. 21 ಆದರೆ ಮಗುವಿನ ಎಚ್-4 ಮುಗಿಯುತ್ತದಂತೆ. 2024ರಲ್ಲಿ ಇಂಥ ಮಕ್ಕಳಿಗೆ ಅನುಕೂಲವಾಗುವ ಮಸೂದೆ ಬಂದಿತ್ತು, ಚುನಾವಣೆಗೋಸ್ಕರ ಟ್ರಂಪ್ ತಡೆದರು ಅಂತ ಮಗಳು ಹೇಳುತ್ತಾಳೆ. ಅಳಿಯ ಒಪ್ಪುವುದಿಲ್ಲ. ದಿನಕ್ಕೆ ಐದು ಸಾವಿರ ಅಕ್ರಮ ವಲಸಿಗರನ್ನು ಒಳಗೆ ಬಿಡುವ ಮಸೂದೆ ಅದು, ಬಿದ್ದಿದ್ದೇ ಒಳ್ಳೆಯದಾಯಿತು ಅನ್ನುತ್ತಾನೆ. ವಾಕಿಂಗ್ ಗೆಳೆಯರೊಬ್ಬರು ಡೆಮಾಕ್ರಟರೇ ವಿರುದ್ಧ ಮತ ಹಾಕಿದ್ದಾರೆ ಅಂತ ವಾಟ್ಸಾಪ್ ತೋರಿಸಿದರು. ಗಡಿ ಗಡಿ ಎಂದು ಕೂಗುವ ಪಕ್ಷವೇ ಗಡಿ ಮಸೂದೆಯನ್ನು ಯಾಕೆ ಬೀಳಿಸುತ್ತದೆ? ಇನ್ನೊಂದು ಚುನಾವಣೆ ಮುಗಿದ ಮೇಲಾದರೂ ಅದು ಬರುತ್ತದಾ? ಅಲ್ಲಿಯವರೆಗೆ ಕಾಯುವುದಾ, ಬೇರೆ ದಾರಿ ನೋಡುವುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ ಸರ್, ಯಾಕೆಂದರೆ ಅದಕ್ಕೆ ಗಡುವಿದೆ. ಕಾಯಬೇಡಿ. ಮಸೂದೆ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಮೊಮ್ಮಗಳಿಗೆ 21 ತುಂಬುವ ದಿನ ಮಾತ್ರ ನಿಮಗೇ ಗೊತ್ತು. ಆ ದಿನವನ್ನು ಇಟ್ಟುಕೊಂಡು ಲೆಕ್ಕ ಹಾಕಬೇಕು, ಅಮೆರಿಕದ ಚುನಾವಣೆಯ ದಿನವನ್ನು ಇಟ್ಟುಕೊಂಡಲ್ಲ. ದಾರಿಗಳನ್ನು ಕೆಳಗೆ ಬರೆದಿದ್ದೇನೆ.

ಆದರೆ ನಿಮ್ಮ ಮನೆಯ ಜಗಳವೂ ಸಣ್ಣದಲ್ಲ. ವಲಸೆ ವಕೀಲಿಕೆಯಲ್ಲಿ ಇಷ್ಟು ಕಾಲ ಕಳೆದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ಮಸೂದೆ ಯಾಕೆ ಬೀಳುತ್ತದೆ ಎಂದು ಅರ್ಥ ಮಾಡಿಕೊಂಡ ಕುಟುಂಬಗಳು ಬೇಗ ಬೇರೆ ದಾರಿ ಹುಡುಕುತ್ತವೆ. "ಈ ಸಲ ಆಗೇ ಆಗುತ್ತೆ" ಎಂದು ನಂಬಿಕೊಂಡವರು ಮಗುವಿನ ಇಪ್ಪತ್ತನೇ ಹುಟ್ಟುಹಬ್ಬ ಆದ ಮೇಲೆ ಗಾಬರಿಯಿಂದ ಫೋನ್ ಮಾಡುತ್ತಾರೆ.

ನಿಮ್ಮ ಮಗಳು, ಅಳಿಯ, ವಾಕಿಂಗ್ ಗೆಳೆಯರು, ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಪೂರ್ತಿ ನಿಜ ಯಾರದ್ದೂ ಅಲ್ಲ.

ನಡೆದದ್ದು ಏನು

2023ರ ಅಕ್ಟೋಬರಿನಲ್ಲಿ ಅಧ್ಯಕ್ಷ ಬೈಡನ್ ಉಕ್ರೇನ್, ಇಸ್ರೇಲ್ ಮತ್ತು ಗಡಿ ಖರ್ಚಿಗೆ ಸೇರಿಸಿ ದೊಡ್ಡ ಮೊತ್ತ ಕೇಳಿದರು. ಗಡಿ ಬಿಗಿ ಮಾಡುವ ಕಾನೂನು ತರದೆ ಉಕ್ರೇನಿಗೆ ದುಡ್ಡಿಲ್ಲ ಎಂದು ಷರತ್ತು ಹಾಕಿದವರು ರಿಪಬ್ಲಿಕನ್ನರೇ. ಹಾಗಾಗಿ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂವರು ಮಾತುಕತೆಗೆ ಕೂತರು. ಓಕ್ಲಹೋಮಾದ ರಿಪಬ್ಲಿಕನ್ ಜೇಮ್ಸ್ ಲ್ಯಾಂಕ್‌ಫರ್ಡ್, ಕನೆಕ್ಟಿಕಟ್‌ನ ಡೆಮಾಕ್ರಟ್ ಕ್ರಿಸ್ ಮರ್ಫಿ, ಅರಿಜೋನಾದ ಪಕ್ಷೇತರ ಸದಸ್ಯೆ ಕಿರ್ಸ್ಟನ್ ಸಿನೆಮಾ. ಆ ಡಿಸೆಂಬರ್ ಒಂದೇ ತಿಂಗಳಲ್ಲಿ ಮೆಕ್ಸಿಕೊ ಗಡಿ ದಾಟಿ ಸಿಕ್ಕಿಬಿದ್ದ ಪ್ರಕರಣಗಳು ಎರಡೂವರೆ ಲಕ್ಷದ ಹತ್ತಿರ ಹೋಗಿದ್ದವು. ಅದು ದಾಖಲೆ. ಬೈಡನ್ ಸರ್ಕಾರಕ್ಕೂ ಒಪ್ಪಂದ ಬೇಕೇ ಬೇಕಾಗಿತ್ತು.

2024ರ ಫೆಬ್ರವರಿ 4, ಭಾನುವಾರ ಮಸೂದೆ ಹೊರಬಂತು. 370 ಪುಟ, 118 ಬಿಲಿಯನ್ ಡಾಲರ್. ಅದರಲ್ಲಿ ಗಡಿಗೆ ಸುಮಾರು 20 ಬಿಲಿಯನ್. ಬುಧವಾರ, ಅಂದರೆ ಫೆಬ್ರವರಿ 7ಕ್ಕೆ ಅದು ಸತ್ತೇ ಹೋಯಿತು. ಚರ್ಚೆಗೆ ಎತ್ತಿಕೊಳ್ಳಲು 60 ಮತ ಬೇಕಿತ್ತು, ಸಿಕ್ಕಿದ್ದು 49. ವಿರುದ್ಧ 50. ತಿಂಗಳುಗಟ್ಟಲೆ ಕೂತು ಬರೆದದ್ದನ್ನು ಮೂರು ದಿನದಲ್ಲಿ ಮುಗಿಸಿದರು.

ಟ್ರಂಪ್ ಆಗ ಯಾವ ಹುದ್ದೆಯಲ್ಲೂ ಇರಲಿಲ್ಲ, ಅಭ್ಯರ್ಥಿ ಅಷ್ಟೇ. ಆದರೆ ಮಸೂದೆಯ ಪಠ್ಯ ಬರುವ ಮುಂಚೆಯೇ ವಿರೋಧಿಸಿದ್ದರು. ಜನವರಿ ಕೊನೆಯಲ್ಲಿ ಲಾಸ್ ವೇಗಸ್‌ನ ಸಭೆಯಲ್ಲಿ, ಇದು ಬಿದ್ದರೆ ನನ್ನ ಮೇಲೆ ಹೊರಿಸಿ, ಪರವಾಗಿಲ್ಲ ಎಂಬ ಅರ್ಥದ ಮಾತನ್ನು ಬಹಿರಂಗವಾಗಿ ಆಡಿದರು. ಕೆಳಮನೆಯ ಸ್ಪೀಕರ್ ಮೈಕ್ ಜಾನ್ಸನ್, ನಮ್ಮಲ್ಲಿಗೆ ಬರುವಾಗಲೇ ಇದು ಹೆಣ ಎಂದರು. ಸೆನೆಟ್‌ನಲ್ಲಿ ರಿಪಬ್ಲಿಕನ್ ನಾಯಕರಾಗಿದ್ದ ಮಿಚ್ ಮೆಕಾನಲ್ ಮಾತುಕತೆಗೆ ಬೆಂಬಲ ಕೊಟ್ಟಿದ್ದವರು, ಮತ ಹಾಕುವಾಗ ವಿರುದ್ಧ ಹಾಕಿದರು. ಪರವಾಗಿ ಹಾಕಿದ ರಿಪಬ್ಲಿಕನ್ನರು ನಾಲ್ಕೇ ಜನ: ಲ್ಯಾಂಕ್‌ಫರ್ಡ್, ರಾಮ್ನಿ, ಕಾಲಿನ್ಸ್, ಮರ್ಕೌಸ್ಕಿ. ಈ ಅಧ್ಯಕ್ಷೀಯ ಚುನಾವಣೆಯ ವರ್ಷದಲ್ಲಿ ಗಡಿ ಸಮಸ್ಯೆ ಬಗೆಹರಿಸುವ ಮಸೂದೆ ತಂದರೆ ನಿನ್ನನ್ನು ಮುಗಿಸುತ್ತೇನೆ ಎಂದು ಹೆಸರಾಂತ ವ್ಯಾಖ್ಯಾನಕಾರನೊಬ್ಬ ತನಗೆ ಬೆದರಿಕೆ ಹಾಕಿದ್ದನ್ನು ಲ್ಯಾಂಕ್‌ಫರ್ಡ್ ಸದನದಲ್ಲೇ ನಿಂತು ಹೇಳಿದರು. ಹೇಳಿದವರು ಎದುರು ಪಕ್ಷದವರಲ್ಲ. ಆ ಪಕ್ಷದಲ್ಲೇ ಬಹಳ ಸಂಪ್ರದಾಯಸ್ಥರು ಎನಿಸಿಕೊಂಡವರು. ಹಾಗಾಗಿ ಮಗಳ ಮಾತಿಗೆ ಆಧಾರವಿದೆ.

ಈಗ ವಾಟ್ಸಾಪ್ ವಿಷಯ. ಡೆಮಾಕ್ರಟರ ಬಣದಲ್ಲೂ ವಿರುದ್ಧ ಹಾಕಿದವರಿದ್ದರು. ವಾರನ್, ಮಾರ್ಕಿ, ಪಡಿಯಾ, ಮೆನೆಂಡೆಜ್, ಮತ್ತೆ ಪಕ್ಷೇತರ ಸ್ಯಾಂಡರ್ಸ್. ಬಹುಮತದ ನಾಯಕ ಶೂಮರ್ ಕೂಡ 'ಇಲ್ಲ' ಎಂದೇ ಹಾಕಿದರು, ಆದರೆ ಅದು ಅಲ್ಲಿನ ನಿಯಮದ ಪ್ರಕಾರ ಮಸೂದೆಯನ್ನು ಮತ್ತೆ ಮತಕ್ಕೆ ತರುವ ಅವಕಾಶ ಉಳಿಸಿಕೊಳ್ಳಲಿಕ್ಕೆ. ಈಗ ಲೆಕ್ಕ ಹಾಕಿ. ಆ ಬಣದ 51 ಜನರೂ ಒಟ್ಟಿಗೆ ಹಾಕಿದ್ದರೂ ನಾಲ್ಕು ರಿಪಬ್ಲಿಕನ್ನರು ಸೇರಿ 55. ಇನ್ನೂ ಐದು ಕಡಿಮೆ. ಡೆಮಾಕ್ರಟರಲ್ಲಿ ಒಡಕಿತ್ತು ಅನ್ನುವುದು ನಿಜ. ಅದರಿಂದಲೇ ಬಿತ್ತು ಅನ್ನುವುದು ಸುಳ್ಳು.

ಐದು ಸಾವಿರದ ಲೆಕ್ಕ

ಅಳಿಯ ಹೇಳಿದ್ದನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಮಸೂದೆಯಲ್ಲಿದ್ದದ್ದು ಹೀಗೆ: ಗಡಿಯಲ್ಲಿ ಸಿಕ್ಕವರ ಸಂಖ್ಯೆ ಏಳು ದಿನದ ಸರಾಸರಿಯಲ್ಲಿ ದಿನಕ್ಕೆ 5,000 ದಾಟಿದರೆ, ಅಥವಾ ಒಂದೇ ದಿನ 8,500 ದಾಟಿದರೆ, ಗಡಿ ದಾಟಿ ಬಂದವರ ಆಶ್ರಯದ ಅರ್ಜಿಯನ್ನು (ತಾಯ್ನಾಡಿನಲ್ಲಿ ಕಿರುಕುಳದ ಭಯವಿದೆ, ರಕ್ಷಣೆ ಕೊಡಿ ಎಂದು ಕೇಳುವುದು) ಸರ್ಕಾರ ನಿಲ್ಲಿಸಲೇಬೇಕು. 4,000 ದಾಟಿದರೆ ನಿಲ್ಲಿಸಬಹುದು. ಅಂದರೆ ಅದು ಬಾಗಿಲು ಹಾಕಲೇಬೇಕಾದ ಮಟ್ಟ, ಒಳಗೆ ಬಿಡುವ ಕೋಟಾ ಅಲ್ಲ. ಅದಕ್ಕಿಂತ ಕಡಿಮೆ ಬಂದರೂ ಯಾರನ್ನೂ ಹಾಗೇ ಬಿಡುವುದಿರಲಿಲ್ಲ. ಆಶ್ರಯಕ್ಕೆ ಬೇಕಾದ ಪುರಾವೆಯ ಮಟ್ಟವನ್ನು ಏರಿಸಿ, ತೀರ್ಮಾನವನ್ನು ವರ್ಷಗಳ ಬದಲು ತಿಂಗಳುಗಳಲ್ಲಿ ಮುಗಿಸುವ ವ್ಯವಸ್ಥೆ ಇತ್ತು. ಗಡಿ ಕಾವಲು ಸಿಬ್ಬಂದಿಯ ಸಂಘ 2020ರಲ್ಲಿ ಟ್ರಂಪ್‌ಗೆ ಬೆಂಬಲ ಘೋಷಿಸಿದ್ದ ಸಂಘ. ಅದೇ ಈ ಮಸೂದೆಗೆ ಸೈ ಅಂದಿತ್ತು.

ಹಾಗಂತ ವಿರೋಧವೆಲ್ಲ ನಾಟಕ ಅಂತಲೂ ನಾನು ಹೇಳುವುದಿಲ್ಲ. ಬಾಗಿಲು ಹಾಕುವ ಅಧಿಕಾರಕ್ಕೆ ಮಸೂದೆಯಲ್ಲೇ ಮಿತಿಯಿತ್ತು. ಮೊದಲ ವರ್ಷ 270 ದಿನ, ಎರಡನೆಯ ವರ್ಷ 225, ಮೂರನೆಯ ವರ್ಷ 180, ಆಮೇಲೆ ಇಲ್ಲ. ಅಧ್ಯಕ್ಷರು ಬೇಕೆಂದರೆ ಅದನ್ನು ಕೆಲವು ದಿನ ತಡೆಹಿಡಿಯಬಹುದಿತ್ತು. ಜನರನ್ನು ತಾತ್ಕಾಲಿಕವಾಗಿ ಒಳಗೆ ಬಿಡುವ ಪರೋಲ್ ಅಧಿಕಾರವನ್ನು ರಿಪಬ್ಲಿಕನ್ನರು ಬಯಸಿದಷ್ಟು ಕಟ್ಟಿಹಾಕಿರಲಿಲ್ಲ. ಕೆಳಮನೆಯ ರಿಪಬ್ಲಿಕನ್ನರು 2023ರ ಮೇ ತಿಂಗಳಲ್ಲೇ 219–213 ಮತಗಳಿಂದ ತಮ್ಮದೇ ಗಟ್ಟಿ ಮಸೂದೆ ಪಾಸು ಮಾಡಿಕೊಂಡಿದ್ದರು. ಅದರ ಮುಂದೆ ಇದು ಅವರಿಗೆ ಸಪ್ಪೆ. ಬೈಡನ್ ಈಗಿರುವ ಕಾನೂನನ್ನೇ ಸರಿಯಾಗಿ ಬಳಸುತ್ತಿಲ್ಲ, ಹೊಸದು ಕೊಟ್ಟರೆ ಬಳಸುತ್ತಾರಾ ಅನ್ನುವುದು ಅವರ ವಾದ. 2024ರ ಜೂನ್ 4ರಂದು ಬೈಡನ್ ತಮ್ಮ ಸ್ವಂತ ಆದೇಶದಿಂದಲೇ, ಸರಾಸರಿ 2,500 ದಾಟಿದರೆ ಆಶ್ರಯ ನಿಲ್ಲಿಸುವ ಕ್ರಮ ತಂದರು. ಆಗ "ನೋಡಿ, ಕಾನೂನಿಲ್ಲದೆಯೂ ಆಗುತ್ತಿತ್ತಲ್ಲ" ಎಂದು ವಿರೋಧಿಗಳು ಕೇಳಿದ್ದರಲ್ಲಿ ಅರ್ಥವಿತ್ತು.

ಆದರೆ ಒಪ್ಪದ ವಿಷಯಗಳಿದ್ದರೆ ಚರ್ಚೆಗೆ ಎತ್ತಿಕೊಂಡು ತಿದ್ದುಪಡಿ ತರಬಹುದಿತ್ತು. ಫೆಬ್ರವರಿ 7ರಂದು ತಡೆದದ್ದು ಕಾನೂನನ್ನಲ್ಲ, ಚರ್ಚೆಯನ್ನೇ. ಅಲ್ಲಿ ಚುನಾವಣೆಯ ಲೆಕ್ಕ ಎದ್ದು ಕಾಣುತ್ತದೆ.

ತಡೆಯುವುದು ಯಾಕೆ ಅಷ್ಟು ಸುಲಭ

ನಮ್ಮ ಸಂಸತ್ತನ್ನು ನೋಡಿದವರಿಗೆ ಇದು ವಿಚಿತ್ರ ಅನಿಸುತ್ತದೆ. ನಮ್ಮಲ್ಲಿ ಸಾಮಾನ್ಯ ಮಸೂದೆಗೆ ಹಾಜರಿದ್ದವರಲ್ಲಿ ಅರ್ಧಕ್ಕಿಂತ ಒಂದು ಮತ ಜಾಸ್ತಿ ಸಾಕು. ಸೆನೆಟ್‌ನಲ್ಲಿ ನೂರಕ್ಕೆ 60 ಬೇಕು. 41 ಜನ ಕೈ ಕಟ್ಟಿ ಕೂತರೆ ಮುಗಿಯಿತು. ಕೆಳಮನೆಯಲ್ಲಿ ಸ್ಪೀಕರ್ ಮನಸ್ಸು ಮಾಡದೆ ಮಸೂದೆ ಮತಕ್ಕೇ ಬರುವುದಿಲ್ಲ. ತಮ್ಮ ಪಕ್ಷದ ಬಹುಪಾಲು ಸದಸ್ಯರು ಒಪ್ಪದ ಮಸೂದೆಯನ್ನು ತರಬಾರದು ಎಂಬ ಬರೆಯದ ನಿಯಮವೊಂದನ್ನು ರಿಪಬ್ಲಿಕನ್ ಸ್ಪೀಕರ್‌ಗಳು ಆಗಾಗ ಪಾಲಿಸುತ್ತಾರೆ. ಅಂದರೆ ಇಡೀ ಸದನದಲ್ಲಿ ಬಹುಮತ ಇದ್ದರೂ ಮಸೂದೆ ಕಪಾಟಿನಲ್ಲೇ ಉಳಿಯಬಹುದು.

2013ರಲ್ಲಿ ಆದದ್ದು ಅದೇ. ಎರಡೂ ಪಕ್ಷದ ಎಂಟು ಸೆನೆಟರ್‌ಗಳು ಬರೆದ ದೊಡ್ಡ ವಲಸೆ ಮಸೂದೆ ಜೂನ್ 27ರಂದು 68–32ರಲ್ಲಿ ಪಾಸಾಯಿತು. ಭಾರತೀಯರನ್ನು ಕಟ್ಟಿಹಾಕಿರುವ ದೇಶವಾರು ಮಿತಿಯನ್ನು ಉದ್ಯೋಗದ ಗ್ರೀನ್ ಕಾರ್ಡ್‌ನಲ್ಲಿ ಅದು ತೆಗೆದುಹಾಕುತ್ತಿತ್ತು. ಸ್ಪೀಕರ್ ಜಾನ್ ಬೇನರ್ ಅದನ್ನು ಕೆಳಮನೆಯಲ್ಲಿ ಮತಕ್ಕೆ ಹಾಕಲೇ ಇಲ್ಲ. ಮರುವರ್ಷ ಜೂನ್ 10ರಂದು ಅಲ್ಲಿನ ಎರಡನೇ ದೊಡ್ಡ ನಾಯಕ ಎರಿಕ್ ಕ್ಯಾಂಟರ್, ವರ್ಜೀನಿಯಾದ ತಮ್ಮದೇ ಪಕ್ಷದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ) ಡೇವ್ ಬ್ರ್ಯಾಟ್ ಎಂಬ ಕಾಲೇಜು ಮೇಷ್ಟ್ರ ಕೈಲಿ ಸೋತರು. ಕ್ಯಾಂಟರ್ ವಲಸಿಗರಿಗೆ ಕ್ಷಮೆ ಕೊಡಲು ಹೊರಟಿದ್ದಾರೆ ಅನ್ನುವುದು ಬ್ರ್ಯಾಟ್ ಪ್ರಚಾರದ ಮುಖ್ಯ ಮಾತು. ಅಂದಿನಿಂದ ಆ ಪಕ್ಷದಲ್ಲಿ ವಲಸೆ ಮಸೂದೆ ಎಂದರೆ ಜನ ಮುಟ್ಟಲು ಹೆದರುತ್ತಾರೆ.

ಇದನ್ನು ನಮ್ಮ ಲೆಕ್ಕದಲ್ಲಿ ನೋಡಿ. ಕರ್ನಾಟಕದಲ್ಲಿ ಬಿ ಫಾರಂ ಕೊಡುವುದು ಹೈಕಮಾಂಡ್. ಗೆದ್ದ ಮೇಲೆ ವಿಪ್ ಮೀರಿದರೆ ಪಕ್ಷಾಂತರ ಕಾಯ್ದೆ ಇದೆ. (ಅದನ್ನು ನಮ್ಮವರು ರೆಸಾರ್ಟ್‌ಗೆ ಹೋಗಿ, ರಾಜೀನಾಮೆ ಕೊಟ್ಟು ಹೇಗೆ ದಾಟುತ್ತಾರೆ ಅನ್ನುವುದು ಬೇರೆ ಕಥೆ ಬಿಡಿ.) ಅಮೆರಿಕದಲ್ಲಿ ಅಂಥ ಕಾಯ್ದೆ ಇಲ್ಲ. ಸದಸ್ಯ ಹೇಗೆ ಬೇಕಾದರೂ ಮತ ಹಾಕಬಹುದು. ಆದರೆ ಟಿಕೆಟ್ ಕೊಡುವವರು ಅವನ ಕ್ಷೇತ್ರದ ಪ್ರೈಮರಿ ಮತದಾರರು. ಅವರು ಯಾರ ಮಾತು ಕೇಳುತ್ತಾರೋ ಅವರೇ ನಿಜವಾದ ಹೈಕಮಾಂಡ್. 2024ರಲ್ಲಿ ರಿಪಬ್ಲಿಕನ್ ಪ್ರೈಮರಿ ಮತದಾರರು ಕೇಳುತ್ತಿದ್ದದ್ದು ಟ್ರಂಪ್ ಮಾತು. ಹುದ್ದೆ ಇಲ್ಲದ ಮನುಷ್ಯ ಒಂದು ಮಸೂದೆ ಬೀಳಿಸಿದ್ದು ಹೀಗೆ.

ಇನ್ನು ಬೀಳಿಸಿದ್ದರಿಂದ ಏನು ಲಾಭ? ಮತದಾರ ಗಡಿಯ ಗಲಾಟೆಗೆ ಅಧ್ಯಕ್ಷರನ್ನು ಹೊಣೆ ಮಾಡುತ್ತಾನೆ. 370 ಪುಟ ಯಾರು ತಡೆದರು ಎಂದು ನೋಡುತ್ತಾ ಕೂರುವುದಿಲ್ಲ. 2024ರ ಫೆಬ್ರವರಿಯಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ದೇಶದ ಅತಿ ದೊಡ್ಡ ಸಮಸ್ಯೆ ವಲಸೆ ಎಂದವರು ಶೇ 28. ಬೇರೆ ಯಾವ ವಿಷಯಕ್ಕೂ ಅಷ್ಟು ಜನ ಇರಲಿಲ್ಲ. ಆ ವಿಷಯದಲ್ಲಿ ಜನ ಜಾಸ್ತಿ ನಂಬಿದ್ದು ರಿಪಬ್ಲಿಕನ್ನರನ್ನು. ಅಂಥ ಸಮಯದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರೆ ಬೈಡನ್ "ನಾನು ಸರಿ ಮಾಡಿದೆ" ಎಂದು ಹೇಳಿಕೊಳ್ಳುತ್ತಾರೆ. ಗೆಲ್ಲುವ ವಿಷಯವನ್ನು ಎದುರಾಳಿಗೆ ಯಾರು ಬಿಟ್ಟುಕೊಡುತ್ತಾರೆ?

ಡೆಮಾಕ್ರಟರೂ ಈ ಆಟದಲ್ಲಿ ಹಿಂದೆ ಬಿದ್ದವರಲ್ಲ. ಮೇ 23ರಂದು ಶೂಮರ್ ಅದೇ ಗಡಿ ಮಸೂದೆಯನ್ನು ಒಂಟಿಯಾಗಿ ಮತ್ತೆ ಮತಕ್ಕೆ ತಂದರು. ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಪರ 43, ವಿರುದ್ಧ 50. ಮಸೂದೆ ಬರೆದ ಲ್ಯಾಂಕ್‌ಫರ್ಡ್ ಮತ್ತು ಸಿನೆಮಾ ಇಬ್ಬರೂ ಈ ಸಲ ವಿರುದ್ಧ ಹಾಕಿದರು. ಅದು ಕಾನೂನು ಮಾಡುವ ಮತದಾನವಲ್ಲ, ಪ್ರಚಾರದ ಜಾಹೀರಾತಿಗೆ ಬೇಕಾದ ಮತದಾನ. ಆ ತಂತ್ರ ಒಮ್ಮೆ ಕೆಲಸ ಮಾಡಿತ್ತು ಕೂಡ. ಫೆಬ್ರವರಿ 13ರಂದು ನ್ಯೂಯಾರ್ಕ್‌ನ ಉಪಚುನಾವಣೆಯಲ್ಲಿ ಡೆಮಾಕ್ರಟ್ ಟಾಮ್ ಸುವೋಝಿ, ಗಡಿ ಮಸೂದೆಯನ್ನು ಬೀಳಿಸಿದವರು ನೀವೇ ಎಂದು ಎದುರಾಳಿಗಳನ್ನು ಕುಟುಕುತ್ತಲೇ ಗೆದ್ದರು. ನವೆಂಬರಿನಲ್ಲಿ ಕಮಲಾ ಹ್ಯಾರಿಸ್ ಅದನ್ನೇ ಹೇಳಿದಾಗ ಸಾಲಲಿಲ್ಲ.

ಚುನಾವಣೆ ಹತ್ತಿರ ಬಂದಾಗ ವಲಸೆ, ಪೌರತ್ವದ ಕಾನೂನನ್ನು ಕ್ಯಾಲೆಂಡರ್ ನೋಡಿ ಆಡಿಸುವುದು ಅಮೆರಿಕದವರ ಸ್ವತ್ತೇನಲ್ಲ. ನಮ್ಮ ಪೌರತ್ವ ತಿದ್ದುಪಡಿ ಮಸೂದೆ 2019ರ ಜನವರಿಯಲ್ಲಿ ಲೋಕಸಭೆ ದಾಟಿ, ಈಶಾನ್ಯದ ಪ್ರತಿಭಟನೆ ನಡುವೆ ರಾಜ್ಯಸಭೆಗೆ ಬಾರದೆ ಬಿದ್ದುಹೋಯಿತು. ಚುನಾವಣೆ ಮುಗಿದ ಮೇಲೆ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ನಾಲ್ಕು ವರ್ಷ ಸುಮ್ನೆ ಇದ್ದ ಅದರ ನಿಯಮಗಳು ಹೊರಬಂದದ್ದು 2024ರ ಮಾರ್ಚ್ 11ಕ್ಕೆ, ಲೋಕಸಭಾ ಚುನಾವಣೆಯ ವೇಳಾಪಟ್ಟಿ ಬರುವ ಐದು ದಿನ ಮುಂಚೆ. ಕಾಕತಾಳೀಯ ಅಂತೀರಾ?

ಮೊಮ್ಮಗಳ ಪಾಲು ಅದರಲ್ಲಿ ಎಷ್ಟಿತ್ತು

ಈಗ ನಿಮ್ಮ ಮನೆಗೆ ಬರೋಣ. ಆ ಮಸೂದೆಯಲ್ಲಿ ಗಡಿಯ ಜೊತೆಗೆ ಕಾನೂನುಬದ್ಧ ವಲಸೆಯ ಕೆಲವು ಸಣ್ಣ ಅಂಶಗಳಿದ್ದವು. ಐದು ವರ್ಷ, ವರ್ಷಕ್ಕೆ 50,000 ಹೆಚ್ಚುವರಿ ವಲಸೆ ವೀಸಾ. ಅದರಲ್ಲಿ 32,000 ಕುಟುಂಬಕ್ಕೆ, 18,000 ಉದ್ಯೋಗಕ್ಕೆ. ಎಚ್-1ಬಿಯವರ ಸಂಗಾತಿಗೆ ಕೆಲಸದ ಅನುಮತಿ. ಎಚ್-4ನಲ್ಲಿ ಬಹುಕಾಲ ಅಲ್ಲೇ ಬೆಳೆದ ಮಕ್ಕಳು 21 ಆದ ಮೇಲೂ ಅಲ್ಲಿರಲು, ಕೆಲಸ ಮಾಡಲು ಅವಕಾಶ.

ಪಾಸಾಗಿದ್ದರೆ ಮೊಮ್ಮಗಳಿಗೆ ಗ್ರೀನ್ ಕಾರ್ಡ್ ಸಿಕ್ಕಿಬಿಡುತ್ತಿತ್ತು ಅಂದುಕೊಳ್ಳಬೇಡಿ. ಸರದಿಯಲ್ಲಿ ನಿಂತಿರುವಷ್ಟು ಕಾಲ ಹೊರಗೆ ಹೋಗಬೇಕಾಗುತ್ತಿರಲಿಲ್ಲ, ಅಷ್ಟು. ಸರದಿ ಹಾಗೇ ಇರುತ್ತಿತ್ತು. 1990ರ ಕಾನೂನು ಉದ್ಯೋಗದ ಗ್ರೀನ್ ಕಾರ್ಡ್‌ಗಳನ್ನು ವರ್ಷಕ್ಕೆ ಸುಮಾರು 1,40,000ಕ್ಕೆ ನಿಲ್ಲಿಸಿದೆ, ಒಂದು ದೇಶಕ್ಕೆ ಶೇ 7ರ ಮಿತಿ. ಸರದಿಯಲ್ಲಿರುವ ಭಾರತೀಯರು, ಮನೆಯವರೂ ಸೇರಿ, ಹತ್ತು ಲಕ್ಷ ದಾಟಿದ್ದಾರೆ. ಈ ಮಸೂದೆ ಬಂದಾಗ ಇಬಿ-2 ಎಂಬ ಉದ್ಯೋಗ ವರ್ಗದಲ್ಲಿ ಭಾರತದ ಸರದಿ 2012ರಲ್ಲಿ ನಿಂತಿತ್ತು. ವರ್ಷಕ್ಕೆ 18,000 ಅದನ್ನು ಕರಗಿಸುತ್ತಿರಲಿಲ್ಲ.

ಆದರೂ ಮಕ್ಕಳ ಅಂಶ ದೊಡ್ಡದೇ. ಅದನ್ನು ವಿರೋಧಿಸಿ ಸೆನೆಟ್‌ನಲ್ಲಿ ಯಾರೂ ಭಾಷಣ ಮಾಡಿದ್ದು ನಾನು ಕೇಳಿಲ್ಲ. ಈ ಮಕ್ಕಳಿಗಾಗಿಯೇ ಪ್ರತ್ಯೇಕ ಮಸೂದೆಯೊಂದು ಹಲವು ಸಲ ಮಂಡನೆಯಾಗಿದೆ. ಸೆನೆಟ್‌ನಲ್ಲಿ ಅದರ ಮುಂದಾಳುಗಳು ಕ್ಯಾಲಿಫೋರ್ನಿಯಾದ ಡೆಮಾಕ್ರಟ್ ಅಲೆಕ್ಸ್ ಪಡಿಯಾ ಮತ್ತು ಕೆಂಟಕಿಯ ರಿಪಬ್ಲಿಕನ್ ರ‍್ಯಾಂಡ್ ಪಾಲ್. ಫೆಬ್ರವರಿ 7ರಂದು ಅವರಿಬ್ಬರೂ ಏನು ಹಾಕಿದರು ಗೊತ್ತಾ? 'ಇಲ್ಲ.' ಪಡಿಯಾಗೆ ಆಶ್ರಯದ ನಿಯಮ ತೀರಾ ಕಠಿಣ ಅನಿಸಿತು, ಪಾಲ್ ತಮ್ಮ ಪಕ್ಷದ ಜೊತೆ ನಿಂತರು. ನಿಮ್ಮ ಮೊಮ್ಮಗಳಂಥ ಮಕ್ಕಳು ದಿಬ್ಬಣದ ಬಸ್ಸಿನಲ್ಲಿ ಸೀಟು ಕೇಳಿ ಹತ್ತಿಕೊಂಡವರು. ದಿಬ್ಬಣವೇ ರದ್ದಾಯಿತು. ಅವರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ.

ಹಾಗಾದರೆ ಮಕ್ಕಳದ್ದನ್ನು ಮಾತ್ರ ಬೇರೆ ಮಾಡಿ ಪಾಸು ಮಾಡಬಾರದಾ? ಮಾಡಲು ನೋಡಿದ್ದಾರೆ. 2022ರಲ್ಲಿ ಕೆಳಮನೆ ಅದನ್ನು ರಕ್ಷಣಾ ಬಜೆಟ್ ಮಸೂದೆಗೆ ಅಂಟಿಸಿ ಪಾಸು ಮಾಡಿತು. ಅಂತಿಮ ರೂಪದಲ್ಲಿ ಅದು ಉಳಿಯಲಿಲ್ಲ. ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365–65ರಿಂದ ಗೆದ್ದಿತು. ಸೆನೆಟ್ 2020ರ ಡಿಸೆಂಬರಿನಲ್ಲಿ ಬೇರೊಂದು ರೂಪವನ್ನು ಒಮ್ಮತದಿಂದ ಒಪ್ಪಿತು. ಎರಡನ್ನೂ ಹೊಂದಿಸುವ ಮೊದಲೇ ಆ ಸಂಸತ್ತಿನ ಅವಧಿ ಮುಗಿಯಿತು. 365 ಮತ ಸಿಕ್ಕ ವಿಷಯಕ್ಕೇ ಈ ಗತಿ.

ಇದಕ್ಕೊಂದು ಕಾರಣವಿದೆ, ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಬಿಗಿ ಕ್ರಮದ ಪರ ಇರುವವರಿಗೆ 60 ಮತದ ಗೋಡೆಯನ್ನು ಸುತ್ತಿಹೋಗುವ ದಾರಿ ಉಂಟು. ಖರ್ಚು, ತೆರಿಗೆಗೆ ಸಂಬಂಧಿಸಿದ ಮಸೂದೆಯನ್ನು ಒಂದು ವಿಶೇಷ ವಿಧಾನದಲ್ಲಿ ಸರಳ ಬಹುಮತದಿಂದಲೇ ಪಾಸು ಮಾಡಬಹುದು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ಮಸೂದೆ ಹಾಗೇ ಬಂತು. ಸೆನೆಟ್‌ನಲ್ಲಿ 50–50 ಆಗಿ ಉಪಾಧ್ಯಕ್ಷ ವಾನ್ಸ್ ಮತದಿಂದ ಗೆದ್ದಿತು. ಅದರಲ್ಲಿ ಗಡಿ ಮತ್ತು ವಲಸೆ ಕ್ರಮಕ್ಕೆ ಸುಮಾರು 170 ಬಿಲಿಯನ್ ಡಾಲರ್. 2024ರಲ್ಲಿ ಬೀಳಿಸಿದ ಮಸೂದೆಯಲ್ಲಿದ್ದದ್ದು 20. ತಡೆದವರ ಕಣ್ಣಿನಿಂದ ನೋಡಿದರೆ ಕಾದದ್ದಕ್ಕೆ ಒಳ್ಳೇ ಬಡ್ಡಿ ಸಿಕ್ಕಿತು.

ಆದರೆ ವೀಸಾ ನಿಯಮ ಆ ದಾರಿಯಲ್ಲಿ ಹೋಗುವುದಿಲ್ಲ. 2021ರಲ್ಲಿ ಡೆಮಾಕ್ರಟರು ವಲಸಿಗರಿಗೆ ಅನುಕೂಲದ ಅಂಶಗಳನ್ನು ಅದೇ ವಿಧಾನದಲ್ಲಿ ಸೇರಿಸಲು ಮೂರು ಸಲ ಪ್ರಯತ್ನಿಸಿದರು. ಇದು ಮುಖ್ಯವಾಗಿ ನೀತಿ, ಬಜೆಟ್ ಅಲ್ಲ ಎಂದು ಸೆನೆಟ್‌ನ ನಿಯಮ ಅಧಿಕಾರಿ ಮೂರು ಸಲವೂ ತಳ್ಳಿಹಾಕಿದರು. ಹಾಗಾಗಿ ಗೋಡೆ, ಬಂಧನ, ಸಿಬ್ಬಂದಿಗೆ ದುಡ್ಡು 51ರಲ್ಲಿ ಆಗುತ್ತದೆ. ನಿಮ್ಮ ಮೊಮ್ಮಗಳ ವಿಷಯಕ್ಕೆ 60 ಬೇಕು. ಹಿಂದೆ ಈ ಎರಡನ್ನೂ ಕಟ್ಟಿ ಒಪ್ಪಂದ ಮಾಡುತ್ತಿದ್ದರು, ನಿನಗಿದು, ನನಗದು ಎಂದು. ಒಬ್ಬರಿಗೆ ಬೇಕಾದದ್ದು ಒಪ್ಪಂದವಿಲ್ಲದೆಯೇ ಸಿಕ್ಕರೆ ಅವರು ಮಾತುಕತೆಗೆ ಯಾಕೆ ಕೂರುತ್ತಾರೆ?

ಅದಕ್ಕೇ 2026ರ ನವೆಂಬರ್ 3ರ ಮಧ್ಯಂತರ ಚುನಾವಣೆಯಲ್ಲಿ ಯಾರು ಗೆದ್ದರೂ ನಿಮ್ಮ ಲೆಕ್ಕ ಬದಲಾಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಯಾವ ಪಕ್ಷಕ್ಕೂ 60 ಸಿಗುವ ಸೂಚನೆ ಇಲ್ಲ. ಯಾವುದೋ ಒಂದು ತಡರಾತ್ರಿಯ ಚೌಕಾಶಿಯಲ್ಲಿ ಮಕ್ಕಳ ಅಂಶ ತೂರಿಕೊಂಡು ಬರಬಹುದು. ಬಂದರೆ ಸಂತೋಷ.

ನಿಮ್ಮ ಮುಂದಿರುವ ದಾರಿಗಳು

ಎಲ್ಲಕ್ಕಿಂತ ಮೊದಲು ಮೊಮ್ಮಗಳ 'ಕಾನೂನಿನ ವಯಸ್ಸು' ಲೆಕ್ಕ ಹಾಕಿಸಿ. 2002ರ ಒಂದು ಕಾನೂನು ಮಕ್ಕಳಿಗೆ ಸ್ವಲ್ಪ ರಿಯಾಯಿತಿ ಕೊಡುತ್ತದೆ. ಪ್ರಯಾರಿಟಿ ಡೇಟ್ ಸರದಿಗೆ ಬಂದಾಗ ಮಗುವಿನ ವಯಸ್ಸು ಎಷ್ಟೋ, ಅದರಲ್ಲಿ ತಂದೆಯ ಐ-140 ಅರ್ಜಿ (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಮನವಿ) ವಲಸೆ ಇಲಾಖೆಯಲ್ಲಿ ಬಾಕಿ ಇದ್ದ ದಿನಗಳನ್ನು ಕಳೆಯುತ್ತಾರೆ. ಅರ್ಜಿ ಹತ್ತು ತಿಂಗಳು ಬಾಕಿ ಇದ್ದಿದ್ದರೆ ಹತ್ತು ತಿಂಗಳು ಉಳಿತಾಯ. ಹೆಚ್ಚು ಶುಲ್ಕ ಕಟ್ಟಿ ಪ್ರೀಮಿಯಂನಲ್ಲಿ ಹದಿನೈದು ದಿನದಲ್ಲಿ ಮಂಜೂರು ಮಾಡಿಸಿಕೊಂಡವರಿಗೆ ಉಳಿಯುವುದು ಆ ಹದಿನೈದು ದಿನ ಮಾತ್ರ. ಬೇಗ ಆಗಲಿ ಎಂದು ದುಡ್ಡು ಕೊಟ್ಟವರಿಗೇ ಇಲ್ಲಿ ನಷ್ಟ. ಸರದಿ ನೋಡಲು ಎರಡು ಪಟ್ಟಿಗಳಿವೆ. 2025ರ ಆಗಸ್ಟ್ 15ರಿಂದ ಹಾಕಿದ ಅರ್ಜಿಗಳಿಗೆ ಇಲಾಖೆ ನಿಧಾನವಾಗಿ ಚಲಿಸುವ ಪಟ್ಟಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದೆ. ಹಳೆಯ ಲೇಖನಗಳಲ್ಲಿ ಬೇರೆ ಇರಬಹುದು, ಅದನ್ನು ನಂಬಬೇಡಿ. 2016ರ ಡೇಟ್‌ಗೆ ಈ ರಿಯಾಯಿತಿಯೊಂದೇ ಸಾಕಾಗುವುದು ಕಷ್ಟ ಅನ್ನುವುದು ನನ್ನ ಅಂದಾಜು.

ಹೆಚ್ಚಿನವರು ಹಿಡಿಯುವ ದಾರಿ ಎಫ್-1, ವಿದ್ಯಾರ್ಥಿ ವೀಸಾ. 21 ತುಂಬುವ ಮುಂಚೆ, ಎಚ್-4 ಊರ್ಜಿತದಲ್ಲಿರುವಾಗಲೇ ಅರ್ಜಿ ಹಾಕಬೇಕು. ತಿಂಗಳುಗಟ್ಟಲೆ ಹಿಡಿಯಬಹುದು, ಹಾಗಾಗಿ ಇಪ್ಪತ್ತರಲ್ಲೇ ಶುರು ಮಾಡಿ. ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯಿಂದ ಐ-20 ಎಂಬ ಪ್ರವೇಶದ ಪತ್ರ ತರಿಸಿಕೊಳ್ಳಬೇಕು. ಅಪಾಯ ಇರುವುದು ಪ್ರಯಾಣದಲ್ಲಿ. ಅಮೆರಿಕದೊಳಗೆ ಎಫ್-1ಗೆ ಬದಲಾದವಳು ಹಾಸನಕ್ಕೆ ಅಜ್ಜಿಯನ್ನು ನೋಡಲು ಬಂದರೆ, ವಾಪಸು ಹೋಗಲು ಕಾನ್ಸುಲೇಟ್‌ನಲ್ಲಿ ಹೊಸ ವೀಸಾ ಬೇಕು. ಓದು ಮುಗಿಸಿ ಭಾರತಕ್ಕೆ ಮರಳುತ್ತೇನೆ ಎಂದು ಅಲ್ಲಿ ಮನವರಿಕೆ ಮಾಡಬೇಕು. ಇಡೀ ಕುಟುಂಬ ಗ್ರೀನ್ ಕಾರ್ಡ್ ಸರದಿಯಲ್ಲಿದ್ದಾಗ ಅದು ಸುಲಭವಲ್ಲ. ನಿರಾಕರಿಸಿದ್ದನ್ನು ನೋಡಿದ್ದೇನೆ. ಮದುವೆ, ಗೃಹಪ್ರವೇಶ ಎಂದು ಅವಳನ್ನು ಕರೆಯುವ ಮುಂಚೆ ಅವಳ ವಕೀಲರನ್ನು ಕೇಳಿ. ಊರಿಗೆ ಬರುವ ಆಸೆ ಇದ್ದರೆ ವೀಸಾ ಬದಲಾಗುವ ಮುಂಚೆ, ಎಚ್-4 ಸ್ಟ್ಯಾಂಪ್ ಇರುವಾಗಲೇ ಬಂದು ಹೋಗುವುದು ಕ್ಷೇಮ. ಶುಲ್ಕದ ದರವೂ ಬದಲಾಗಬಹುದು, ಕಾಲೇಜಿನಲ್ಲಿ ವಿಚಾರಿಸಿ.

ಎಫ್-1 ನಂತರ ಡಿಗ್ರಿ ಮುಗಿಸಿ ಸ್ವಲ್ಪ ಕಾಲ ಕೆಲಸ ಮಾಡಬಹುದು, ಆಮೇಲೆ ಎಚ್-1ಬಿ ಲಾಟರಿ. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಅಮೆರಿಕದಲ್ಲೇ ಇದ್ದು ಎಫ್-1ನಿಂದ ಬದಲಾಗುವವರಿಗೆ ಅದು ಅನ್ವಯಿಸುವುದಿಲ್ಲ ಎಂದು ಇಲಾಖೆ ಅಕ್ಟೋಬರಿನಲ್ಲಿ ಹೇಳಿತು. ಅದು ಅಧ್ಯಕ್ಷರ ಆದೇಶ, ಬದಲಾಗುತ್ತಿರುತ್ತದೆ. ಎಚ್-1ಬಿ ಸಿಕ್ಕರೂ ಅವಳ ಗ್ರೀನ್ ಕಾರ್ಡ್ ಸರದಿ ಮತ್ತೆ ಕೊನೆಯಿಂದ ಶುರು. ಅಪ್ಪನ 2016 ಅವಳಿಗೆ ಸಿಗುವುದಿಲ್ಲ.

ಒಂದು ಪ್ರಶ್ನೆ ಮಗಳಿಗೆ, ಅಳಿಯನಿಗೆ ಕೇಳಿ ನೋಡಿ: ಇಬ್ಬರಲ್ಲಿ ಯಾರಾದರೂ ಭಾರತದ ಹೊರಗೆ ಹುಟ್ಟಿದ್ದಾರಾ? ದೇಶವಾರು ಮಿತಿ ನೋಡುವುದು ಪೌರತ್ವವನ್ನಲ್ಲ, ಹುಟ್ಟಿದ ಜಾಗವನ್ನು. ಅಪ್ಪ ಕುವೈತ್‌ನಲ್ಲೋ ಮಸ್ಕತ್‌ನಲ್ಲೋ ಕೆಲಸದಲ್ಲಿದ್ದಾಗ ಅಲ್ಲಿ ಹುಟ್ಟಿದ ಮಂಗಳೂರು, ಉಡುಪಿ ಕಡೆಯವರು ಬೇಕಾದಷ್ಟು ಜನ. ಗಂಡ ಹೆಂಡತಿಯಲ್ಲಿ ಒಬ್ಬರು ಹಾಗಿದ್ದರೂ ಇಡೀ ಕುಟುಂಬ ಆ ದೇಶದ ಚಿಕ್ಕ ಸರದಿಗೆ ಹೋಗಬಹುದು. ಮಗಳು ಹುಟ್ಟಿದ್ದು ಎಲ್ಲಿ ಅನ್ನುವುದು ನಿಮಗೆ ಗೊತ್ತೇ ಇದೆ, ಅಳಿಯನದ್ದು ವಿಚಾರಿಸಿ.

ಹೂಡಿಕೆಯ ಇಬಿ-5 ದಾರಿಗೆ ಕನಿಷ್ಠ 8 ಲಕ್ಷ ಡಾಲರ್ ಬೇಕು, ನಮ್ಮ ದುಡ್ಡಿನಲ್ಲಿ ಏಳು ಕೋಟಿಯ ಮೇಲೆ. ಅರ್ಜಿ ಬಾಕಿ ಇರುವಷ್ಟು ಕಾಲ ಮಗುವಿನ ವಯಸ್ಸು ನಿಂತಿರುತ್ತದೆ ಅನ್ನುವುದು ಅದರ ಅನುಕೂಲ. ದುಡ್ಡು ವಾಪಸು ಬರುತ್ತದೆ ಎಂಬ ಖಾತ್ರಿ ಇಲ್ಲ. ಹಾಸನದ ಜಮೀನು, ಮನೆ ಮಾರಿ ಹಾಕುವ ಯೋಚನೆ ಯಾರಾದರೂ ತಲೆಗೆ ತುಂಬಿದರೆ ದಯವಿಟ್ಟು ಬೇಡ ಅನ್ನಿ. ಕೆನಡಾದಲ್ಲಿ 22ರ ಒಳಗಿನ ಮಕ್ಕಳನ್ನು ಅವಲಂಬಿತರು ಎಂದು ಸೇರಿಸುತ್ತಾರೆ, ಆದರೆ ಅಳಿಯನ ವಯಸ್ಸಿಗೆ ಅಂಕ ಕಡಿಮೆಯಾಗುತ್ತದೆ, ಇಡೀ ಮನೆ ಎದ್ದು ಹೋಗಬೇಕು. ಅವಳೊಬ್ಬಳೇ ಮಾಸ್ಟರ್ಸ್‌ಗೆ ಬೇರೆ ದೇಶಕ್ಕೋ ಭಾರತಕ್ಕೋ ಬರುವುದೂ ಒಂದು ದಾರಿ. ಅದನ್ನು ಸೋಲು ಎಂದು ಮನೆಯಲ್ಲಿ ಮಾತಾಡಬೇಡಿ, ಮಗು ಕೇಳಿಸಿಕೊಳ್ಳುತ್ತದೆ.

ಮಗಳು, ಅಳಿಯ ತಮ್ಮ ಕ್ಷೇತ್ರದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರ ಕಚೇರಿಗೆ ಹೋಗಿ ಇದನ್ನು ಹೇಳಿಕೊಳ್ಳಬಹುದಾ ಅಂದರೆ, ಖಂಡಿತ. ಮತ ಇಲ್ಲದಿದ್ದರೂ ಅವರು ಆ ಕ್ಷೇತ್ರದ ನಿವಾಸಿಗಳೇ. ಆದರೆ ಯಾವ ಅಭ್ಯರ್ಥಿಗೂ, ಪಕ್ಷಕ್ಕೂ ಒಂದು ಡಾಲರ್ ದೇಣಿಗೆಯನ್ನೂ ಕೊಡಬಾರದು. ಗ್ರೀನ್ ಕಾರ್ಡ್ ಇಲ್ಲದವರು ಚುನಾವಣೆಗೆ ದುಡ್ಡು ಕೊಡುವುದು ಕಾನೂನಿಗೆ ವಿರುದ್ಧ. ಸಮಾರಂಭದಲ್ಲಿ ಯಾರೋ ಟೇಬಲ್‌ಗೆ ಇಷ್ಟು ಎಂದು ಕೇಳಿದಾಗ ಗೊತ್ತಿಲ್ಲದೆ ಕೊಟ್ಟು ಸಿಕ್ಕಿಹಾಕಿಕೊಳ್ಳುವುದುಂಟು.

ಈ ವಾರ ಫೋನ್ ಮಾಡಿದಾಗ ಅಳಿಯನ ಐ-140 ಮಂಜೂರಾತಿ ಪತ್ರದ ಫೋಟೊ ಕಳಿಸಲು ಹೇಳಿ. ಅದರಲ್ಲಿ ಅರ್ಜಿ ತಲುಪಿದ ದಿನ, ಮಂಜೂರಾದ ದಿನ ಎರಡೂ ಇರುತ್ತವೆ. ನಡುವಿನ ದಿನಗಳನ್ನು ಎಣಿಸಿ. ನೀವು ಬ್ಯಾಂಕಿನಲ್ಲಿದ್ದವರು, ಎಣಿಕೆ ತಪ್ಪುವುದಿಲ್ಲ. ಆ ಸಂಖ್ಯೆ ಮತ್ತು ಮೊಮ್ಮಗಳ ಹುಟ್ಟಿದ ದಿನಾಂಕ ಎರಡನ್ನೂ ಹಿಡಿದುಕೊಂಡು ಅವರು ಅಲ್ಲಿನ ವಕೀಲರೊಬ್ಬರನ್ನು ಕಾಣಲಿ. ಕಂಪನಿಯ ವಕೀಲರು ಕಂಪನಿಯ ಕೆಲಸ ನೋಡುತ್ತಾರೆ, ಮಗುವಿನ ವಿಷಯಕ್ಕೆ ಬೇರೆಯವರನ್ನೇ ಕೇಳುವುದು ವಾಸಿ.